ಹೊಳೆಯುವ ತಗಡು ಕಾಣದ ಗಾಡಿ

ಅಮ್ಮನ ಕೋಣೆಯಿಂದ,
ಭಾನುವಾರ, ತಾರೀಕು ಹದಿನಾಲ್ಕು

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನು ನೋವು ಹೇಗಿದೆ? ಅತ್ತಿಗೆ ತಂದುಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಅದನ್ನು ಕಪಾಟಿನಲ್ಲಿಟ್ಟು ನೋವು ತಾನಾಗಿ ಹೆದರಿ ಓಡಿಹೋಗಲಿ ಅಂತ ಕಾಯುತ್ತಿದ್ದೀಯೋ? ನಿನ್ನ ವಿಷಯ ನನಗೆ ಗೊತ್ತಿಲ್ಲವೇ. ಇಲ್ಲಿ ಅಮ್ಮನ ಸೊಂಟದ ಮೂಳೆ ನಿಧಾನವಾಗಿ ಕೂಡಿಕೊಳ್ಳುತ್ತಿದೆ. ಇನ್ನೂ ಆರು ವಾರ ಮಂಚ ಬಿಟ್ಟು ಇಳಿಯಬಾರದು ಅಂದಿದ್ದಾರೆ ಡಾಕ್ಟರು. ಬಾಯಿಗೆ ಮಾತ್ರ ಯಾವ ಪೆಟ್ಟೂ ಆಗಿಲ್ಲ, ಬೆಳಿಗ್ಗೆಯಿಂದ ನನ್ನ ಮೇಲೆ ದರ್ಬಾರು ನಡೆಸುತ್ತಿದ್ದಾಳೆ. ನಾನು ಲ್ಯಾಬಿಗೆ ಹೋಗಿ ಬರುವ ತನಕ ಒಬ್ಬ ನರ್ಸಮ್ಮ ಇರುತ್ತಾರೆ. ಐದು ಹೊಡೆಯಿತೋ, ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾರೆ. ಆಮೇಲೆ ಎತ್ತುವುದು, ಕೂರಿಸುವುದು, ಮೈ ಒರೆಸುವುದು ಎಲ್ಲ ನನ್ನದೇ. ಹಾಗಾಗಿ ನಾನು ಈ ಊರು ಬಿಟ್ಟು ಕದಲುವ ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಪತ್ರ ಓದಿ ಮುಗಿಸಿದ ಮೇಲೆ, ಅಷ್ಟೊಂದು ಭಯವಿದ್ದರೆ ಎದ್ದು ಬರಬಾರದಿತ್ತೇ ಅಂತ ನೀನೇ ಕೇಳುತ್ತೀಯ.

ಭಯದ ವಿಷಯ ಇಷ್ಟು. ನಿಮ್ಮ ಕಾರ್ಖಾನೆಯಲ್ಲಿ ಸ್ಟೀಲ್ ಟ್ಯಾಂಕುಗಳನ್ನು ತೊಳೆಯುವ ಶೆಡ್ಡಿನಲ್ಲಿ ಓಡಾಡುವ ಡ್ರೈವರಿಲ್ಲದ ಗಾಡಿಗಳಿಗೆ ಮುಂದಿನ ತಿಂಗಳು ಒಂದನೇ ತಾರೀಕಿನಿಂದ ಹೊಸ ಕಣ್ಣು ಬರುತ್ತದೆ. ಆ ಕಣ್ಣಿಗೆ, ಸ್ಟೀಲ್ ತಗಡು ಹಿಡಿದುಕೊಂಡು ಎದುರಿಗೆ ಬರುವ ನೀನು ಕಾಣುವುದಿಲ್ಲ. ಆ ಕಣ್ಣನ್ನು ಪರೀಕ್ಷೆ ಮಾಡಿ, ಎಲ್ಲ ಸರಿಯಾಗಿದೆ ಅಂತ ಸಹಿ ಹಾಕಿದವಳು ನಾನು.

ಇಷ್ಟು ಓದಿ ಪತ್ರ ಮುದುರಿ ಎಸೆಯಬೇಡ. ನನ್ನ ಹೆಸರು ಕಂಡರೆ ನೀನು ಫೋನು ಎತ್ತುವುದಿಲ್ಲ, ಎರಡು ವರ್ಷವಾಯಿತು. ಪತ್ರವಾದರೆ ಬೈಯುವುದಕ್ಕೆ ಏನಾದರೂ ಸಿಗುತ್ತದೆಯೋ ಅಂತಾದರೂ ಕೊನೆಯವರೆಗೆ ಓದುತ್ತೀಯ ಅನ್ನುವ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಆ ಶೆಡ್ಡಿನಲ್ಲಿ ಗಾಡಿ ಓಡಿಸಿದವನು ನೀನು. ಒಂದೇ ಒಂದು ಟ್ಯಾಂಕಿಗೂ ಗೀರು ಬೀಳಿಸಿದವನಲ್ಲ. ಡ್ರೈವರಿಲ್ಲದ ಗಾಡಿ ಬಂದ ಮೇಲೆ ನಿನ್ನನ್ನು ಸೀಟಿನಿಂದ ಇಳಿಸಿ ತಗಡು ಹೊರುವ ಕೆಲಸಕ್ಕೆ ಹಾಕಿದರು. ಅದೇ ವಾರ ನಾನು ನಿಮ್ಮನೆಗೆ ಬಂದು, ಊಟಕ್ಕೆ ಕೂತಾಗ, ಆ ಗಾಡಿಯಲ್ಲಿ ದೂರ ಅಳೆಯುವ ಲೇಸರ್ ನಮ್ಮ ಲ್ಯಾಬಿನದು ಅಂತ ಹೆಮ್ಮೆಯಿಂದ ಹೇಳಿಕೊಂಡೆ. ಎಂಥ ಪೆದ್ದಿ ನಾನು! ನೀನು ತಟ್ಟೆ ಸರಿಸಿ, "ನನ್ನ ತಂಗೀನೇ ನನ್ನ ಸೀಟು ಕಿತ್ಕೊಂಡ್ಳು" ಅಂತ ಎದ್ದುಹೋದೆ. ಕೋಪ ಇಟ್ಟುಕೋ, ನಾನು ಬೇಡ ಅನ್ನುವುದಿಲ್ಲ. ಈಗ ಹೇಳುವುದನ್ನು ಮಾತ್ರ ಕಿವಿಗೆ ಹಾಕಿಕೋ.

ನಿಮ್ಮ ಶೆಡ್ಡಿನಲ್ಲಿ ಹಳೆಯ ಕಣ್ಣಿನ ಕಥೆ ನಿನಗೇ ಗೊತ್ತು. ಬಿಸಿನೀರು ಬಿಟ್ಟ ಕೂಡಲೇ ಹಬೆ ಏಳುತ್ತದೆ, ಗಾಡಿ ಹಬೆಯನ್ನೇ ಗೋಡೆ ಅಂದುಕೊಂಡು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತದೆ. ನೀವೆಲ್ಲ ಅದಕ್ಕೆ ಹೊಸ ಸೊಸೆ ಅಂತ ಹೆಸರಿಟ್ಟು ನಗುತ್ತಿದ್ದಿರಂತೆ, ಅತ್ತಿಗೆ ಹೇಳಿದರು. ನಿಮ್ಮ ಕಾರ್ಖಾನೆಯವರಿಗೆ ನಗು ಬರಲಿಲ್ಲ. ಹಬೆಯಲ್ಲೂ ನಿಲ್ಲದ ಕಣ್ಣು ಕೊಡಿ ಅಂತ ನಮ್ಮ ಲ್ಯಾಬಿನ ತಲೆ ಮೇಲೆ ಕೂತರು. ಕೊಟ್ಟೆವು. ಹೇಗೆ ಅಂತ ಹೇಳುತ್ತೇನೆ ಕೇಳು. ಹಗ್ಗದ ಒಂದು ತುದಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಅಲೆ ನಿಂತುಕೊಂಡು ಓಡುತ್ತದೆ, ಪಕ್ಕಕ್ಕೆ ಆಡಿಸಿದರೆ ಮಲಗಿಕೊಂಡು ಓಡುತ್ತದೆ. ಬೆಳಕಿನಲ್ಲೂ ಹಾಗೆಯೇ. ನಮ್ಮ ಲೇಸರ್ ನಿಂತ ಬೆಳಕನ್ನು ಕಳಿಸುತ್ತದೆ. ಅದು ಎದುರಿನ ವಸ್ತುವಿಗೆ ಬಡಿದು ವಾಪಸು ಬರಲು ಎಷ್ಟು ಹೊತ್ತಾಯಿತು ಅನ್ನುವುದರ ಮೇಲೆ ದೂರ ಲೆಕ್ಕ ಹಾಕುತ್ತೇವೆ. ಹಬೆಯ ಸಣ್ಣ ಹನಿಗಳು ನಿಂತ ಬೆಳಕನ್ನು ಹೆಚ್ಚುಕಡಿಮೆ ನಿಂತ ಹಾಗೇ ವಾಪಸು ಕಳಿಸುತ್ತವೆ. ಗೋಡೆ, ಬಟ್ಟೆ, ರಟ್ಟು, ಮನುಷ್ಯರ ಚರ್ಮ, ಹೀಗೆ ಒರಟಾದದ್ದೆಲ್ಲ ಅದನ್ನು ಕಲಸಿ, ದಿಕ್ಕು ಕೆಡಿಸಿ ಕಳಿಸುತ್ತದೆ. ಹಾಗಾಗಿ ಕಣ್ಣಿನ ಮುಂದೆ ಅಡ್ಡ ಸರಳಿನ ಕಿಟಕಿಯಂಥ ಒಂದು ಗಾಜು ಇಟ್ಟೆವು. ನಿಂತ ಬೆಳಕು ಅದರಲ್ಲಿ ತೂರುವುದಿಲ್ಲ, ಕಲಸಿದ ಬೆಳಕು ಒಂದಿಷ್ಟು ತೂರುತ್ತದೆ. ಅಷ್ಟೇ ಮಾಡಿದ್ದು. ಪರದೆಯ ಮೇಲೆ ಹಬೆ ಮಾಯವಾಗಿ ಅದರ ಹಿಂದೆ ಪರೀಕ್ಷೆಗೆ ನಿಲ್ಲಿಸಿದ್ದ ಹಲಗೆ ಕಂಡಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ನಾನಂತೂ ಕುಣಿಯುವುದೊಂದು ಬಾಕಿ.

ತಪ್ಪು ಎಲ್ಲಾಯಿತು ಅಂದರೆ, ಪರೀಕ್ಷೆಗೆ ಇಡುವ ಹಲಗೆಗಳಲ್ಲಿ. ನಮ್ಮಲ್ಲಿ ಅವನ್ನು ಮಾಡಿಕೊಡುವ ಹಿರಿಯರೊಬ್ಬರಿದ್ದಾರೆ, ನಾವು ಉಜ್ಜಜ್ಜ ಅಂತ ಕರೆಯುತ್ತೇವೆ. ಮರವಾಗಲಿ, ಲೋಹವಾಗಲಿ, ಪ್ಲಾಸ್ಟಿಕ್ ಆಗಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ, ಹೊಳಪು ತೆಗೆದು, ಬೂದು ಬಣ್ಣ ಬಳಿದೇ ಕೊಡುತ್ತಾರೆ. ಹಳೆಯ ಯಂತ್ರಗಳ ಕಾಲದಲ್ಲಿ ಹೊಳೆಯುವ ಹಲಗೆ ಇಟ್ಟರೆ ಬೆಳಕು ರಪ್ಪಂತ ಹೊಡೆದು ಅಳತೆ ಕೆಡುತ್ತಿತ್ತು, ಅಲ್ಲಿಂದ ಬಂದ ಅಭ್ಯಾಸ. "ಹೊಳೆಯೋ ಸಾಮಾನು ನನ್ನ ಬೆಂಚಿಂದ ಆಚೆ ಹೋಗಲ್ಲಮ್ಮ" ಅಂತ ಎದೆ ತಟ್ಟಿ ಹೇಳುತ್ತಾರೆ. ಈ ಸಲವೂ ಹನ್ನೆರಡು ಹಲಗೆ ಕೊಟ್ಟರು, ಹನ್ನೆರಡೂ ಉಜ್ಜಿದ್ದವು. ಹಬೆ ಕೋಣೆಯಲ್ಲಿ ಹನ್ನೆರಡೂ ಕಂಡವು. ನಾನು ಹನ್ನೆರಡು ಕಡೆ ಸರಿ ಗುರುತು ಹಾಕಿ ಕೆಳಗೆ ಸಹಿ ಮಾಡಿದೆ. ಸ್ಟೀಲ್ ಕಾರ್ಖಾನೆಗೆ ಹೋಗುವ ಯಂತ್ರಕ್ಕೆ ಒಂದು ಹೊಳೆಯುವ ತಗಡನ್ನೂ ತೋರಿಸಲಿಲ್ಲವಲ್ಲ ಅಂತ ಹೊಳೆಯದೇ ಹೋಯಿತು, ನನಗೂ ಹೊಳೆಯಲಿಲ್ಲ, ನನಗಿಂತ ಓದಿದವರಿಗೂ ಹೊಳೆಯಲಿಲ್ಲ. ಉಜ್ಜಜ್ಜನ ಮೇಲೆ ಹೊರಿಸುವುದು ಸುಲಭ. ಆದರೆ ಅವರ ಕೆಲಸ ಉಜ್ಜುವುದು, ಯೋಚನೆ ಮಾಡುವುದು ನನ್ನ ಕೆಲಸವಾಗಿತ್ತು.

ಗೊತ್ತಾದದ್ದು ಹೋದ ಮಂಗಳವಾರ. ಹಬೆ ಕೋಣೆ ಒರೆಸಲು ಹೋದವಳು ಒದ್ದೆ ಬಟ್ಟೆ ಇಡಲು ಒಯ್ದ ಒಂದು ಹೊಸ ಸ್ಟೀಲ್ ತಟ್ಟೆಯನ್ನು ನಿಲ್ಲಿಸಿಟ್ಟು ಮರೆತು ಬಂದಿದ್ದೆ. ಯಂತ್ರ ಚಾಲೂ ಇತ್ತು. ಪರದೆ ನೋಡಿದರೆ ತಟ್ಟೆ ಇದ್ದ ಜಾಗ ಖಾಲಿ. ತಟ್ಟೆಯನ್ನು ಹತ್ತಿರ ತಂದೆ, ದೂರ ಇಟ್ಟೆ, ಖಾಲಿ. ನುಣುಪು ಸ್ಟೀಲು ಕೂಡ ಹಬೆಯ ಹಾಗೇ ನಿಂತ ಬೆಳಕನ್ನು ನಿಂತ ಹಾಗೇ ವಾಪಸು ಕಳಿಸುತ್ತದೆ, ನಮ್ಮ ಗಾಜು ಅದನ್ನೂ ಹಬೆ ಅಂತಲೇ ತಳ್ಳಿಹಾಕುತ್ತದೆ. ಆಗ ನನ್ನ ಕಣ್ಣ ಮುಂದೆ ಬಂದದ್ದು ನೀನು, ಅಣ್ಣಾ. ಆಳೆತ್ತರದ ತಗಡನ್ನು ನೀನೂ ನಿನ್ನ ಜೊತೆಗಾರನೂ ಬಾಗಿಲಿನ ಹಾಗೆ ಮುಂದೆ ಹಿಡಿದು, ಪಕ್ಕದ ದಾರಿ ಸುತ್ತು ಅಂತ ತೊಳೆಯುವ ಶೆಡ್ಡಿನ ಮಧ್ಯದಿಂದಲೇ, ಗಾಡಿಯ ದಾರಿಯಲ್ಲೇ ಬೆಸುಗೆ ಶೆಡ್ಡಿಗೆ ಹೋಗುತ್ತೀರಿ. ಡ್ರೈವರಾಗಿದ್ದಾಗ ನೀನೇ ಹೇಳುತ್ತಿದ್ದೆ, "ಈ ತಗಡಿನವರಿಗೆ ಬುದ್ಧಿ ಇಲ್ಲ, ಹಾರನ್ ಹೊಡೆದೂ ಹೊಡೆದೂ ನನ್ನ ಕೈ ಸವೆದುಹೋಯ್ತು" ಅಂತ. ಈಗ ಹಾರನ್ ಹೊಡೆಯುವವರಿಲ್ಲ. ಗಾಡಿ ಮುಂದೆ ಮುಟ್ಟಿದರೆ ನಿಲ್ಲುವ ರಬ್ಬರ್ ಪಟ್ಟಿ ಇದೆ ನಿಜ. ಆದರೆ ಟ್ಯಾಂಕು ಹೇರಿದ ಗಾಡಿ ಮುಟ್ಟಿದ ಮೇಲೂ ಎರಡು ಮಾರು ಮುಂದೆ ಹೋಗಿಯೇ ನಿಲ್ಲುವುದು.

ನಾನು ಸುಮ್ಮನೆ ಕೂತಿಲ್ಲ. ಅವತ್ತೇ ನಮ್ಮ ಮೇಡಂ ಹತ್ತಿರ ಓಡಿದೆ. ಒಳ್ಳೆಯವರು, ಗದರಲಿಲ್ಲ. ತಟ್ಟೆಯನ್ನು ತಾವೇ ಇಟ್ಟು ನೋಡಿದರು, ಮುಖ ಸಪ್ಪಗಾಯಿತು. ಆಮೇಲೆ "ನೀವು ಬರೆದುಕೊಡಿ, ಮೇಲಿನವರಿಗೆ ಕಳಿಸ್ತೀನಿ" ಅಂದರು. ಬರೆದುಕೊಟ್ಟೆ. ಮೇಲಿನವರು ಬಳಕೆಯ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರು, ಹೊಳೆಯುವ ವಸ್ತುಗಳಿರುವ ಜಾಗದಲ್ಲಿ ಎಚ್ಚರ ವಹಿಸಿ ಅಂತ. ನಲವತ್ತೊಂದನೇ ಪುಟ. ನಿಮ್ಮ ಕಾರ್ಖಾನೆಗೆ ನಾನೇ ಇಮೇಲ್ ಬರೆದೆ. ಗಾಡಿಯ ದಾರಿಯಲ್ಲಿ ಮನುಷ್ಯರು ನಡೆಯುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ, ಆದ್ದರಿಂದ ಯಾರೂ ನಡೆಯುವುದಿಲ್ಲ, ನಿಮ್ಮ ಕಾಳಜಿಗೆ ಧನ್ಯವಾದ ಅಂತ ಉತ್ತರ ಬಂತು. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುರುವಾರ ಅತ್ತಿಗೆಗೆ ಫೋನು ಮಾಡಿದೆ. ಪಾಪ, ಅವರು ನಿನಗೆ ಹೇಳಲು ನೋಡಿದರಂತೆ. "ಅವಳ ಮೆಷಿನ್ ಸುದ್ದಿ ಈ ಮನೇಲಿ ಎತ್ತಬೇಡ" ಅಂತ ನೀನು ಹೊರಗೆ ಹೋದೆಯಂತೆ. "ನಿಮ್ಮಿಬ್ಬರ ಮಧ್ಯೆ ನನ್ನ ತರಬೇಡ ಕಣೇ" ಅಂದರು. ಇನ್ನು ಯಾರ ಕಾಲು ಹಿಡಿಯಲಿ ಹೇಳು?

ದಾರಿ ಇಲ್ಲ ಅಂತಲ್ಲ, ಅದೇ ಹೊಟ್ಟೆ ಉರಿಸುವುದು. ಒಂದರ ಬದಲು ಎರಡು ಕಣ್ಣು ಇಡಬೇಕು, ಒಂದಕ್ಕೆ ಈಗಿನ ಅಡ್ಡ ಸರಳಿನ ಗಾಜು, ಇನ್ನೊಂದಕ್ಕೆ ನಿಂತ ಬೆಳಕನ್ನು ಒಳಗೆ ಬಿಡುವ ಉದ್ದ ಸರಳಿನ ಗಾಜು. ಹಬೆಯಿಂದ ಬರುವ ಬೆಳಕು ಎಳೆದುಕೊಂಡು, ಹರಡಿಕೊಂಡು ಬರುತ್ತದೆ, ತಗಡಿನಿಂದ ಬರುವುದು ಒಂದೇ ಏಟಿಗೆ ಬರುತ್ತದೆ. ಎರಡೂ ಕಣ್ಣಿನದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಹಬೆ, ಯಾವುದು ತಗಡು ಅಂತ ಯಂತ್ರಕ್ಕೆ ತಿಳಿಯುತ್ತದೆ. ಬೆಂಚಿನ ಮೇಲೆ ಮಾಡಿ ನೋಡಿದ್ದೇನೆ, ತಟ್ಟೆ ಚೆನ್ನಾಗಿ ಕಾಣುತ್ತದೆ. ಗಾಡಿಗೆ ಹಾಕುವ ಹಾಗೆ ಮಾಡಲು ಮೂರು ತಿಂಗಳು ಬೇಕಂತೆ. ಆ ಮೂರು ತಿಂಗಳು ಗಾಡಿ ನಿಲ್ಲಿಸಿ ಅಂದರೆ ಕೇಳುವವರಿಲ್ಲ. ನನ್ನ ಸಹಿ ವಾಪಸು ತೆಗೆದುಕೊಳ್ಳುತ್ತೇನೆ ಅಂದೆ. ಅದಕ್ಕೆ ಅರ್ಜಿ ನಮೂನೆಯೇ ಇಲ್ಲವಂತೆ.

ಅದಕ್ಕೇ ನಿನ್ನನ್ನು ಬೇಡಿಕೊಳ್ಳುತ್ತಿದ್ದೇನೆ. ತಗಡಿನ ಮೇಲೆ ಗೀರು ಬೀಳದಿರಲಿ ಅಂತ ಅಂಟಿಸಿರುವ ಬಿಳಿ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಕೈ ಜಾರುತ್ತದೆ ಅಂತ ನೀವು ಉಗ್ರಾಣದಲ್ಲೇ ಕಿತ್ತು ಎಸೆಯುತ್ತೀರಿ. ಅದನ್ನು ಕೀಳಬೇಡ. ನಾನು ಅಂಥದ್ದೇ ಹಾಳೆ ತರಿಸಿ, ತಟ್ಟೆಗೆ ಅಂಟಿಸಿ, ಹಬೆಯಲ್ಲಿ ಇಟ್ಟು ನೋಡಿದೆ. ಕಾಣುತ್ತದೆ, ಅಣ್ಣಾ. ಇಪ್ಪತ್ತು ಸಲ ಇಟ್ಟೆ, ಇಪ್ಪತ್ತು ಸಲವೂ ಕಂಡಿತು. ಬೆಸುಗೆ ಶೆಡ್ಡಿಗೆ ಹೋದ ಮೇಲೆ ಕಿತ್ತರಾಯಿತು. ಅದಕ್ಕಿಂತ ಒಳ್ಳೆಯದು ಆ ದಾರಿಯನ್ನೇ ಬಿಡುವುದು. ಸುತ್ತು ದಾರಿಯಾದರೆ ಆಗಲಿ, ಮೇಸ್ತ್ರಿ ಬೈದರೆ ಬೈಯಲಿ. ನಿನ್ನ ಜೊತೆಗಾರರಿಗೂ ಹೇಳು. ನನ್ನ ತಂಗಿ ಮಾಡಿದ ಯಂತ್ರ ಕುರುಡು ಅಂತಲೇ ಹೇಳು, ನಕ್ಕುಕೊಂಡೇ ಹೇಳು, ನನಗೇನೂ ಬೇಜಾರಿಲ್ಲ.

ಅಮ್ಮ ಎದ್ದಳು. ಯಾರಿಗೆ ಬರೆಯುತ್ತಿದ್ದೀಯ ಅಂತ ಕೇಳಿದಳು, ನಿನ್ನ ಹೆಸರು ಹೇಳಿದ್ದಕ್ಕೆ ಮುಖ ಅರಳಿತು. ರಾಜಿಯಾಯಿತು ಅಂದುಕೊಂಡಿದ್ದಾಳೆ, ನಾನೂ ಹೂಂ ಅಂದುಬಿಟ್ಟೆ. ನಿನಗೆ ತುಂಬ ತುಂಬ ಆಶೀರ್ವಾದ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ,
ನೀನೇ ಹೆಸರಿಟ್ಟ ಗುಂಡುಸೂಜಿ

ಮರೆತ ಮಾತು, ಸೋಮವಾರ ಮಧ್ಯಾಹ್ನ: ಅಂಚೆಗೆ ಹಾಕಲು ಹೊರಟವಳು ಲ್ಯಾಬಿನ ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ. ಒಂದನೇ ತಾರೀಕು ಅಂದೆನಲ್ಲ, ಅದು ಸುಳ್ಳಾಯಿತು. ಗಾಡಿಗೆ ಕಣ್ಣು ಕೂರಿಸುವವರಿಗೆ ಬೇರೆ ಕಡೆ ಕೆಲಸ ಬೇಗ ಮುಗಿಯಿತಂತೆ, ಶುಕ್ರವಾರವೇ ನಿಮ್ಮಲ್ಲಿಗೆ ಬಂದು ಹಾಕಿ ಹೋಗಿದ್ದಾರೆ. ಈಗ ತಾನೆ ಮೇಡಂ ಹೇಳಿದರು. ನಾನು ಇದನ್ನೆಲ್ಲ ಆರಾಮಾಗಿ ಕೂತು ಬರೆಯುವಾಗಲೇ ಅವು ನಿನ್ನೆದುರು ಓಡಾಡುತ್ತಿದ್ದವು. ನಿನಗೆ ಹನ್ನೊಂದು ಸಲ ಫೋನು ಮಾಡಿದೆ. ನಿಮ್ಮ ಗೇಟಿಗೆ ಮಾಡಿದರೆ, ಪಾಳಿ ಮಧ್ಯೆ ಯಾರನ್ನೂ ಕರೆಯೋಕಾಗಲ್ಲಮ್ಮ ಅಂತ ಇಟ್ಟುಬಿಟ್ಟರು. ಅತ್ತಿಗೆಯ ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಈ ಪತ್ರ ಬರಲು ನಾಲ್ಕು ದಿನ ಬೇಕು. ಬೇರೇನೂ ಕೈಯಲ್ಲಿಲ್ಲ, ಅದಕ್ಕೇ ಹಾಕುತ್ತಿದ್ದೇನೆ. ಲಕೋಟೆ ಒಡೆದಿರುವುದು ನೀನೇ ತಾನೆ, ಅಣ್ಣಾ? ಅತ್ತಿಗೆ ಅಲ್ಲ ತಾನೆ?