ಮೇಡಂಗೆ ಹೇಳಿದ್ದು

ನವೆಂಬರ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ಮದುವೆಯಾಗಿ ನಾಲ್ಕು ತಿಂಗಳಾದವಳನ್ನು, ಅದೂ ಓದಲು ಕನ್ನಡಕ ಬೇಕಾದ ವಯಸ್ಸಿನವಳನ್ನು, ಇನ್ನೂ ಪುಟ್ಟಿ ಎಂದು ಕರೆದರೆ ನಿಮ್ಮವರು ನಗಬಹುದು. ನಗಲಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಎರಡು ಜಡೆಯ ಹುಡುಗಿ. ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ.

ನಿನ್ನ ಎರಡು ಪತ್ರಗಳೂ ಕೈ ಸೇರಿವೆ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಪೆನ್ನು ಹಿಡಿದು ಕೂತರೆ ಸಾಲು ಮುಗಿಯುವುದರೊಳಗೆ ತೂಕಡಿಕೆ. ಮೊನ್ನೆ "ಪ್ರೀತಿಯ" ಎಂದು ಬರೆದು ಅದರ ಮೇಲೇ ತಲೆಯಿಟ್ಟು ಮಲಗಿಬಿಟ್ಟಿದ್ದೆ. ಕೆನ್ನೆಗೆ ಅಂಟಿದ ಶಾಯಿ ನೋಡಿ ನಿನ್ನಣ್ಣ "ಅಷ್ಟು ಶಾಯಿ ದಂಡ" ಎಂದರು. ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮನೆಗಿರುವುದು ಒಂದೇ ಫೋನು, ಅದು ಅವರ ಜೇಬಿನಲ್ಲಿ, ಮಾತಾಡುವಷ್ಟು ಹೊತ್ತೂ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಅದಕ್ಕೇ ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆಯುತ್ತಿದ್ದೇನೆ. ಶಾಯಿ ಆಚೆ ಇಳಿದು ತಾರೀಕುಗಳು ಅಡ್ಡ ಬಂದರೆ ಅವುಗಳ ನಡುವೆ ಓದಿಕೋ.

ನಿಜ ಹೇಳುತ್ತೇನೆ, ಈ ಪತ್ರ ಬರೆಯಲು ಹೇಳಿದ್ದೂ ನಿನ್ನಣ್ಣನೇ. ಮೂರು ದಿನದಿಂದ ಒಂದೇ ಹಾಡು. "ಪುಟ್ಟಿಗೆ ಬರಿ. ಬಂದು ಒಂದು ತಿಂಗಳು ಇದ್ದು ಹೋಗ್ಲಿ. ಇಲ್ಲ ಅಂದ್ರೆ ಮೇಡಂನ ಮಾರಿಬಿಡೋದು, ಮೇವು ಹಾಕಿ ಹಾಕಿ ಏನು ಪ್ರಯೋಜನ?" ನಿನ್ನ ಮೇಕೆ ಮೇಡಂ ಹಾಲು ಕೊಡುವುದನ್ನು ನಿಲ್ಲಿಸಿದೆ, ಪುಟ್ಟಿ. ತಪ್ಪು ಮೇಕೆಯದಲ್ಲ, ಮಾಡಿದವಳು ನಾನು. ಆ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಮನೆಯ ಸುದ್ದಿ.

ನಿನ್ನ ಅಮ್ಮ ಆರಾಮಾಗಿದ್ದಾರೆ. ಕಾಲು ಕೈಕೊಟ್ಟಿದ್ದರೂ ಕಿವಿ ಚುರುಕು. ಕೊಟ್ಟಿಗೆಯ ಕಡೆಗಿರುವ ಕಿಟಕಿಯ ಪಕ್ಕದಲ್ಲೇ ಮಂಚ, ಅಲ್ಲಿಂದಲೇ ಎಲ್ಲರ ಉಸ್ತುವಾರಿ. ಒಡೆದ ಮೊಟ್ಟೆ ಮಾತ್ರ ಮನೆಗೆ, ಉಳಿದದ್ದು ಮಾರಾಟಕ್ಕೆ ಎಂಬ ನಿನ್ನಣ್ಣನ ಕಾನೂನು ನಿನಗೆ ಗೊತ್ತೇ ಇದೆ. ಈಗ ಬುಟ್ಟಿಯ ಮೊಟ್ಟೆ ಒರೆಸುವ ಕೆಲಸ ಅತ್ತೆ ವಹಿಸಿಕೊಂಡಿದ್ದಾರೆ. ದಿನಕ್ಕೊಂದು ತಪ್ಪದೆ ಕೈ ಜಾರುತ್ತದೆ, ಅದೂ ಬಟ್ಟಲಿನ ಮೇಲೇ ಜಾರುತ್ತದೆ. "ವಯಸ್ಸಾಯ್ತಲ್ಲ, ಕೈ ನಡುಗುತ್ತೆ" ಎನ್ನುತ್ತಾರೆ. ಅದೇ ಕೈ ಸೂಜಿಗೆ ದಾರ ಪೋಣಿಸುವಾಗ ಚೂರೂ ನಡುಗುವುದಿಲ್ಲ.

ಮೊಲಗಳು ತಮ್ಮ ಕೆಲಸ ಚೆನ್ನಾಗಿ ಮಾಡುತ್ತಿವೆ. ಇನ್ನೊಂದು ಗೂಡು ಬೇಕಾಯಿತು. ನಿನ್ನಣ್ಣ ಹಳೆಯ ಮಂಚದ ಹಲಗೆಗಳನ್ನು ಕಿತ್ತು, ಸೊಟ್ಟ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಬಡಿದು, ಅದನ್ನೂ ಕಟ್ಟಿ ನಿಲ್ಲಿಸಿದರು. ಬಾಗಿಲು ಮುಚ್ಚುವುದಿಲ್ಲ, ಕಲ್ಲು ಆನಿಸಬೇಕು. ಬಾತುಗಳು ಸ್ನಾನದ ನೀರು ಹೋಗುವ ಕಾಲುವೆಯಲ್ಲೇ ಠಿಕಾಣಿ ಹೂಡಿವೆ, ಸೋಪು ಕಣ್ಣಿಗೆ ಬಿದ್ದರೂ ಕದಲುವುದಿಲ್ಲ. ಬೆಳಿಗ್ಗೆ ಎದ್ದವಳು ಇವುಗಳ ಹೊಟ್ಟೆಗೆ ಹಾಕಿ, ಅವುಗಳ ಹಿಕ್ಕೆ ಬಾಚಿ, ಮೇವು ಕೊಯ್ದು, ಅತ್ತೆಗೆ ಸ್ನಾನ ಮಾಡಿಸಿ, ಒಲೆಯ ಮುಂದೆ ಬಂದು ನಿಲ್ಲುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ. ನಿನ್ನಣ್ಣ ಪೇಟೆಯಲ್ಲಿ ಪಂಪು ರಿಪೇರಿ ಮುಗಿಸಿ ಬಂದು "ಇನ್ನೂ ಅಡುಗೆ ಆಗಿಲ್ವಾ" ಎಂದು ಕೇಳುತ್ತಾರೆ. ಸಿಟ್ಟಿನಿಂದಲ್ಲ, ಹಸಿವಿನಿಂದ. ಇಬ್ಬರು ಎಳೆಯುತ್ತಿದ್ದ ಗಾಡಿಯನ್ನು ಒಬ್ಬಳೇ ಎಳೆಯುತ್ತಿದ್ದೇನೆ, ಅಷ್ಟೇ.

ಈಗ ಮೇಡಂ ಕಥೆ. ನೀನು ಹೋದ ಮೇಲೆ ಹಾಲು ಕರೆಯಲು ನಾನು ಕೂತ ಮೊದಲ ದಿನ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದ್ದು ನೆನೆಸಿಕೊಂಡರೆ ಈಗಲೂ ಅವಮಾನವಾಗುತ್ತದೆ. ಪರೀಕ್ಷೆಯ ಕೋಣೆಗೆ ತಡವಾಗಿ ಬಂದವಳನ್ನು ನೋಡುವ ಹಾಗೆ ನೋಡಿ ತಂಬಿಗೆಯನ್ನು ಒದ್ದಳು. ಆಮೇಲೆ ನನಗೇ ಬುದ್ಧಿ ಓಡಿತು. ನೀನು ಹಾಲು ಕರೆಯುವಾಗ ಹಾಕಿಕೊಳ್ಳುತ್ತಿದ್ದ ಮಾವನವರ ಕಂದು ಕೋಟು ಗೂಟಕ್ಕೆ ನೇತಾಡುತ್ತಿತ್ತಲ್ಲ, ಅದನ್ನು ಹಾಕಿಕೊಂಡು ಕೂತೆ. ಮೂಸಿ ನೋಡಿದಳು, ತೋಳನ್ನು ಸ್ವಲ್ಪ ಜಗಿದಳು, ಹಾಲು ಬಿಟ್ಟಳು. ಅಲ್ಲಿಂದ ದಿನಾ ನಿನ್ನ ಕೋಟು ಹೊತ್ತು, ನಿನ್ನ ಹಾಗೆ ಬೆನ್ನು ಬಗ್ಗಿಸಿ, ನೀನಾಗಿ ನಟಿಸಿ ಬರುತ್ತಿದ್ದೆ. ಮುಖ ನೋಡದಿರಲಿ ಎಂದು ತಲೆಯನ್ನು ಅವಳ ಹೊಟ್ಟೆಗೆ ಒತ್ತಿಕೊಂಡಿರುತ್ತಿದ್ದೆ.

ಹೋದ ವಾರ ಬಟ್ಟೆ ಒಗೆದಾದ ಮೇಲೆ ಬಕೆಟ್ಟಿನಲ್ಲಿ ಸೋಪಿನ ನೀರು ಉಳಿಯಿತು. ಒಳ್ಳೆಯ ನೊರೆ, ಬಿಸಿ ಕೂಡ ಆರಿರಲಿಲ್ಲ. ಚೆಲ್ಲಲು ಮನಸ್ಸು ಬರಲಿಲ್ಲ. ಈ ಮನೆಯಲ್ಲಿ ಇಷ್ಟು ವರ್ಷ ಬಾಳಿದವಳು ನೊರೆಯಿರುವ ನೀರನ್ನು ಹೇಗೆ ಚೆಲ್ಲುತ್ತಾಳೆ ಹೇಳು. ಇನ್ನೇನು ಒಗೆಯಲಿ ಎಂದು ಸುತ್ತ ನೋಡಿದೆ. ಕೋಟು ಕಾಣಿಸಿತು. ಅದ್ದಿದೆ. ಮೂರು ಸಲ ಹಿಂಡಿದೆ, ಕೊಳೆ ಹೋದ ಹಾಗೆಲ್ಲ ಖುಷಿಪಟ್ಟೆ. ಬಿಸಿಲಿಗೆ ಹರವಿ, ಒಣಗಿದ ಮೇಲೆ ಮಡಚುವಾಗ ಮೂಗಿಗೆ ಬರೀ ಸೋಪಿನ ವಾಸನೆ ಬಂತು ನೋಡು, ಆಗ ಹೊಳೆಯಿತು, ನಿನ್ನ ವಾಸನೆಯನ್ನೇ ತೊಳೆದುಬಿಟ್ಟಿದ್ದೆ.

ಅಲ್ಲಿಂದ ಮೇಡಂ ನನ್ನನ್ನು ಹತ್ತಿರ ಸೇರಿಸಿಕೊಂಡಿಲ್ಲ. ಕೂತರೆ ಒದೆಯುತ್ತಾಳೆ, ಕಟ್ಟಿದರೆ ಮಲಗಿಬಿಡುತ್ತಾಳೆ. ಹಿಂಡಿ ಹಿಂಡಿ ತಂಬಿಗೆಯ ತಳ ಮುಚ್ಚುವಷ್ಟು ಸಿಕ್ಕರೆ ಹೆಚ್ಚು. ಕೆಚ್ಚಲು ಬಿಗಿದುಕೊಂಡಿದೆ. ದನದ ಆಸ್ಪತ್ರೆಯ ಕಾಂಪೌಂಡರ್ ಬಂದು ಮುಟ್ಟಿ ನೋಡಿ, "ಹಾಲು ಹೀಗೇ ನಿಂತ್ರೆ ಕೆಚ್ಚಲು ಬಾವು ಬರುತ್ತೆ. ಇದಕ್ಕೆ ಔಷಧಿ ಏನಿಲ್ಲ, ಹೇಗಾದ್ರೂ ಕರೀರಿ" ಎಂದು ಹೇಳಿ ಹೋದರು. ಆ "ಹೇಗಾದ್ರೂ" ಎಂಬುದು ಹೇಗೆ ಎಂದು ಅವರು ಹೇಳಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಿನಗೇ ಅನಿಸುತ್ತಿರಬಹುದು, ಹೋಗಿ ಬಂದರಾಯಿತು ಎಂದು. ನನಗೂ ಅನಿಸುತ್ತದೆ, ಪುಟ್ಟಿ. ನಿನ್ನಣ್ಣ ಹೇಳಿದರೆಂದು ಬರೆಯಲು ಕೂತವಳು ನಾನು, ಬರೆಯುತ್ತ ಬರೆಯುತ್ತ ನನಗೇ ಆಸೆಯಾಗುತ್ತಿದೆ. ನೀನು ಬಂದು ಆ ಮಣೆಯ ಮೇಲೆ ಕೂತರೆ, ನಾನು ಒಂದು ಬೆಳಿಗ್ಗೆ ಏಳದೆ ಮಗ್ಗುಲು ಬದಲಿಸಬಹುದು. "ಬಾ" ಎಂದು ಬರೆದರೆ ನೀನು ಮರುದಿನದ ಬಸ್ಸಿಗೇ ಹೊರಡುತ್ತೀ ಎಂದೂ ಗೊತ್ತು. ಸದ್ಯಕ್ಕೆ ಇಲ್ಲಿಗೆ ನಿಲ್ಲಿಸುತ್ತೇನೆ. ಮೊಲದ ಗೂಡಿನ ಕಲ್ಲು ಉರುಳಿದ ಸದ್ದಾಯಿತು.

ಬುಧವಾರ

ಓಡಿಹೋದ ಮೊಲಗಳನ್ನು ಹಿಡಿದು ಒಳಗೆ ಹಾಕಲು ಆ ದಿನವೆಲ್ಲ ಹಿಡಿಯಿತು. ಆಮೇಲೆ ಪತ್ರವನ್ನು ಅತ್ತೆಯ ಹಾಸಿಗೆಯಡಿ ಇಟ್ಟು ಮರೆತಂತೆ ಮಾಡಿದೆ. ನಿನ್ನಣ್ಣ "ಬರೆದೆಯಾ?" ಎಂದರೆ "ಬರೀತಾ ಇದೀನಿ" ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ.

ನಿನ್ನೆ ಸಂಜೆ ಮತ್ತೆ ಆ ಕೋಟು ಹಾಕಿಕೊಂಡು ಕೂತಿದ್ದೆ. ಒಂದು ದಿನವಿಡೀ ಅದನ್ನು ಮೇವಿನ ಗುಡ್ಡೆಯಲ್ಲಿ ಹೂತಿಟ್ಟು ತೆಗೆದಿದ್ದೆ, ಪ್ರಯೋಜನವಾಗಿರಲಿಲ್ಲ. ಮೇಡಂ ಮುಖ ತಿರುಗಿಸಿ ನಿಂತಿದ್ದಳು. ಅಷ್ಟರಲ್ಲಿ ಕಿಟಕಿಯಿಂದ ಅತ್ತೆಯ ದನಿ ಬಂತು.

"ಬಾಯಿಗೆ ಬೀಗ ಹಾಕ್ಕೊಂಡು ಕೂತರೆ ಅದು ಹೇಗೆ ಹಾಲು ಬಿಡುತ್ತೆ? ಪುಟ್ಟಿ ಕೂತಾಗಿಂದ ಏಳೋವರೆಗೂ ಮಾತಾಡ್ತಾನೇ ಇರ್ತಿದ್ದಳು. ವಾಸನೆಯಂತೂ ತೊಳೆದು ಹಾಕಿದೀಯ, ಮಾತಾದ್ರೂ ಆಡು."

"ಏನಂತ ಮಾತಾಡ್ಲಿ ಅತ್ತೆ?"

"ಏನಾದ್ರೂ ಆಡು. ಅದೇನು ಎದುರುತ್ತರ ಕೊಡುತ್ತಾ?"

ನಾಚಿಕೆಯಾಯಿತು. ಸುತ್ತ ನೋಡಿದೆ, ಬಾತುಗಳ ಹೊರತು ಯಾರೂ ಇರಲಿಲ್ಲ. ಹಿಂಡಿಯ ಬೆಲೆ ಏರಿದ್ದು ಹೇಳಿದೆ. ಕಿವಿ ಅಲ್ಲಾಡಿಸಿದಳು, ಅಷ್ಟೇ. ಸೊಂಟನೋವಿನ ವಿಷಯ ಹೇಳಿದೆ, ನಿನ್ನಣ್ಣನ ಮೊಳೆಗಳ ವಿಷಯ ಹೇಳಿದೆ. ಒದೆಯಲಿಲ್ಲ. ಹೇಳಲು ಬೇರೇನೂ ಉಳಿಯದೆ ನಿನ್ನನ್ನು ಬೈಯಲು ಶುರುಮಾಡಿದೆ. ಏನು ಬೈದೆ ಎಂದು ಕೇಳಬೇಡ. ಮೊದಲು ಮೆಲ್ಲಗೆ ಬೈದೆ, ಆಮೇಲೆ ಜೋರಾಗಿಯೇ ಬೈದೆ, ಕೊನೆಗೆ ಅಳು ಬಂತು. ಮೂಗು ಒರೆಸಲು ಆಗಲಿಲ್ಲ, ಎರಡೂ ಕೈಯಲ್ಲಿ ಕೆಲಸವಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ತಂಬಿಗೆ ಸದ್ದು ಮಾಡತೊಡಗಿತ್ತು. ನಿನ್ನನ್ನು ಬೈದಷ್ಟೂ ಹಾಲು ಬಂತು, ಪುಟ್ಟಿ. ನಿನ್ನ ಮೇಡಂ ಮೇವು ಮೆಲ್ಲುತ್ತ ಎಲ್ಲ ಕೇಳಿಸಿಕೊಂಡಳು. ಕೆಚ್ಚಲು ಮೆತ್ತಗಾಗಿದೆ. ಇವತ್ತು ಬೆಳಿಗ್ಗೆಯೂ ಕರೆದೆ.

ನಿನ್ನೆ ರಾತ್ರಿ ನಿನ್ನಣ್ಣ ಬಂದವರು ತಂಬಿಗೆ ಎತ್ತಿ ಹಾಲು ಎಷ್ಟಿದೆ ಎಂದು ನೋಡಿದರು. ಆಮೇಲೆ, "ಆದ್ರೂ ಪುಟ್ಟಿ ಬಂದ್ರೆ ಒಳ್ಳೇದು. ನೀನು ತುಂಬಾ ಸೋತಿದೀಯ" ಎಂದರು.

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಇದೇ ಮೊದಲು. ಬಿಸಿ ಪಾತ್ರೆ ಕೈಯಲ್ಲಿದ್ದುದರಿಂದ ಅಲ್ಲೇ ಕೂತುಕೊಳ್ಳಲಿಲ್ಲ. ಅದೇ ಕ್ಷಣ "ಹೂಂ, ಕರೆಸಿ" ಎಂದುಬಿಡುತ್ತಿದ್ದೆ. ಆದರೆ ನಿನ್ನ ಎರಡನೇ ಪತ್ರ ನೆನಪಾಯಿತು. "ಬೆಳಿಗ್ಗೆ ಇವರೇ ಚಹಾ ಮಾಡಿ ಕೊಡುತ್ತಾರೆ, ಹೊಲಿಗೆ ಯಂತ್ರದ ಪಕ್ಕ ನನಗೂ ಒಂದು ಕುರ್ಚಿ ಹಾಕಿದ್ದಾರೆ, ಬಿಸಿಲು ಕಾಲಿನವರೆಗೆ ಬರುತ್ತದೆ, ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತೇನೆ" ಎಂದು ಬರೆದಿದ್ದೀಯಲ್ಲ. ಕೂತಿರು. ಈ ಮನೆಯಲ್ಲಿ ನೀನು ಊಟಕ್ಕಲ್ಲದೆ ಬೇರೆ ಯಾವುದಕ್ಕೂ ಕೂತಿದ್ದನ್ನು ನಾನು ನೋಡಿಲ್ಲ. ಇಲ್ಲಿಗೆ ತಿಂಗಳ ಮಟ್ಟಿಗೆ ಬಂದರೆ ನೀನು ಹೋಗುವುದಿಲ್ಲ. ಇವತ್ತು ಮೇಕೆ, ನಾಳೆ ಮೊಲ, ನಾಡಿದ್ದು ಅಮ್ಮನ ಕಾಲು. ಒಂದೊಂದಾಗಿ ಹಿಡಿದು ನಿಲ್ಲಿಸುತ್ತವೆ.

"ಅವಳು ಬರೋದು ಬೇಡ" ಎಂದೆ. "ಸೋತಿರೋದು ನಿಜ. ನಾಳೆಯಿಂದ ಮೊಲದ ಗೂಡು ನೀವು ತೊಳೀರಿ."

ಅವರು ನನ್ನ ಮುಖ ನೋಡಿದರು. ಇವತ್ತು ಬೆಳಿಗ್ಗೆ ಎದ್ದು ತೊಳೆದರು ಕೂಡ. ತೊಳೆದ ನೀರನ್ನು ಸೊಪ್ಪಿನ ಮಡಿಗೆ ಹಾಕಲು ಹೋಗಿ ಅರ್ಧ ಮೈಮೇಲೆ ಸುರಿದುಕೊಂಡರು. ನಾನು ನಗಲಿಲ್ಲ, ನಕ್ಕರೆ ನಾಳೆ ಮಾಡುವುದಿಲ್ಲ. ಅತ್ತೆ ನಕ್ಕರು.

ಹಾಗಾಗಿ ಅವರು ಫೋನ್ ಮಾಡಿ ಬಾ ಎಂದರೂ ನೀನು ಹೊರಡಬೇಡ. ಮೇಡಂನ ಮಾರುವುದಿಲ್ಲ, ಆ ಹೊಣೆ ನನ್ನದು. ನೆಂಟರಾಗಿ ಬನ್ನಿ, ಇಬ್ಬರೂ ಬನ್ನಿ, ಸಂಜೆ ಬಂದು ಮರುದಿನ ಹೊರಟುಬಿಡಿ. ಬಂದಾಗ ಕೊಟ್ಟಿಗೆಯ ಕಡೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ. ನಿಮ್ಮವರಿಗೆ ನನ್ನ ನಮಸ್ಕಾರ ಹೇಳು. ಬರೀ ಒಂದು ಗುಂಡಿ ಹಾಕಿಸಲು ವಾರಕ್ಕೆರಡು ಸಲ ಅವರ ಟೈಲರ್ ಅಂಗಡಿಗೆ ಹೋಗುತ್ತಿದ್ದೆಯಲ್ಲ, ಅದೂ ಎಲ್ಲ ಹರಿದದ್ದನ್ನೂ ನಾವೇ ಹೊಲಿದುಕೊಳ್ಳುವ ಮನೆಯಿಂದ, ಆಗಲೇ ನಾನು ಕಣ್ಣು ತೆರೆಯಬೇಕಿತ್ತು. ಒಳ್ಳೆಯವರು ಸಿಕ್ಕಿದ್ದಾರೆ. ಚೆನ್ನಾಗಿ ತಿನ್ನು, ಹೊತ್ತು ಮೂಡಿದ ಮೇಲೆ ಏಳು, ತಣ್ಣೀರಿನಲ್ಲಿ ಸ್ನಾನ ಮಾಡಬೇಡ. ನೂರು ಕಾಲ ಸುಖವಾಗಿ ಬಾಳಿ.

ನಿನ್ನ,
ಅತ್ತಿಗೆ

ತಾ.ಕ.: ಏನು ಬೈದೆ ಎಂದು ಕೇಳಬೇಡ ಎಂದೆನಲ್ಲ. ಹೇಳದೆ ಕವರು ಅಂಟಿಸಲು ಕೈ ಬರುತ್ತಿಲ್ಲ. ನಾಲ್ಕು ತಿಂಗಳ ಹಿಂದೆ ನಾನು ತಂಗಿಯ ಮನೆಗೆ ಹೋಗಿದ್ದೆನಲ್ಲ. ವಾಪಸು ಬಂದು ಬಸ್ಸಿಳಿದರೆ ಮೊಟ್ಟೆಯವನು ಸೈಕಲ್ ನಿಲ್ಲಿಸಿ, "ಮದುವೆ ಚೆನ್ನಾಗಾಯ್ತಂತಲ್ಲ ಅಮ್ಮ, ನೀವ್ಯಾಕೆ ಇರಲಿಲ್ಲ?" ಎಂದು ಕೇಳಿದ. ಯಾರ ಮದುವೆಯಪ್ಪ ಎಂದೆ. ನಡುರಸ್ತೆಯಲ್ಲಿ ನಿಂತು, ನಗುತ್ತ, ಯಾರ ಮದುವೆಯಪ್ಪ ಎಂದು ಕೇಳಿದೆ, ಪುಟ್ಟಿ. ನಿನ್ನಣ್ಣ ನಿನ್ನ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿ ಬಂದಿದ್ದರು, ನಿನ್ನ ಅಮ್ಮನಿಗೂ ಗೊತ್ತಿತ್ತು. ಟೈಲರ್ ವಿಷಯ ನೀನು ಎಲ್ಲರಿಗಿಂತ ಮೊದಲು ಹೇಳಿದ್ದು ಮೇಡಂಗೆ ಎಂದು ಅತ್ತೆ ನಿನ್ನೆ ಹೇಳಿದರು, ಕಿಟಕಿಯಿಂದ ಕೇಳಿಸಿಕೊಂಡರಂತೆ. ಮೇಕೆಗೆ ಹೇಳಿದೆ ನೀನು. ಇಷ್ಟು ವರ್ಷ ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದವಳಿಗೆ ಹೇಳಲಿಲ್ಲ. ಅತ್ತಿಗೆ ತಡೆಯುತ್ತಾಳೆ ಎಂದುಕೊಂಡೆಯಾ? ತಡೆಯುತ್ತಿದ್ದೆ. ಎರಡು ದಿನ ಅತ್ತು ಕರೆದು ತಡೆಯುತ್ತಿದ್ದೆ. ಮೂರನೆಯ ದಿನ ನಿನ್ನ ಪೆಟ್ಟಿಗೆಯನ್ನು ನಾನೇ ತುಂಬಿಕೊಡುತ್ತಿದ್ದೆ.