ಬಸ್ಸಿಗೆ ಕೈ ತೋರಿಸಿದರೆ ಹತ್ತಲೇಬೇಕು

ರೀ,

ನಿಮ್ಮನ್ನ ಎಬ್ಬಿಸದೇ ಹೊರಟಿದೀನಿ. ಎಬ್ಬಿಸಿದ್ರೆ ಖಾಕಿ ಶರ್ಟು ನೋಡಿ ನಗ್ತೀರಿ, ಆಮೇಲೆ ನಂಗೂ ನಗು ತಡ್ಕೊಳಕ್ಕಾಗಲ್ಲ. ನರ್ಸರಿ ಮಿಸ್ ಕೆಲಸ ನಿನ್ನೆಗೆ ಮುಗೀತು, ಇವತ್ತಿಂದ ನಿಮ್ಮ ಹೆಂಡ್ತಿ ಕಂಡಕ್ಟರು ಕಣ್ರೀ.

ರೊಟ್ಟಿ ಡಬ್ಬೀಲಿದೆ. ಚಟ್ನಿಗೆ ಕಾಯಿ ತುರಿದಿಟ್ಟಿದೀನಿ, ರುಬ್ಬೋದು ನೀವು. ಪುಟ್ಟಿಗೆ ಎರಡು ಜಡೆ ಹಾಕಿ. ಕಲಿಸಿದೀನಲ್ಲ, ಹಾಗೆ ಹಾಕಿ. ಮೊನ್ನೆ ಎಮ್ಮೆಗೆ ಹಗ್ಗ ಹೊಸೆದಂಗೆ ಹೊಸೆದಿದ್ರಿ. ನನ್ನ ವಿಸಿಲ್ಲು ಅವಳ ದಿಂಬಿನ ಕೆಳಗೆ ಸಿಕ್ತು, ಅವಳು ಹುಡುಕಿದ್ರೆ ಅಮ್ಮನೇ ತಗೊಂಡ್ಲು ಅನ್ನಿ.

ಎಂಟೂವರೆಗೆ ನನ್ನ ಅಜ್ಜಂಪುರದ ಬಸ್ಸು ನಮ್ಮ ಬೀದಿ ಮುಂದೇನೇ ಹೋಗುತ್ತೆ. ಅವಳನ್ನ ಕರ್ಕೊಂಡು ಬಂದು ನಿಂತಿರಿ. ಟಾಟಾ ಅಂತ ಇಬ್ರೂ ಕೈ ಎತ್ತಬೇಡಿ. ಕೈ ನೋಡಿ ಡ್ರೈವರ್ರು ನಿಲ್ಲಿಸಿಬಿಡ್ತಾರೆ, ನಿಂತ ಮೇಲೆ ನೀವು ಹತ್ತಲೇಬೇಕು. ಹೆಂಗಸರಿಗೆ ಫ್ರೀ, ನಿಮಗಂತೂ ಟಿಕೆಟ್ ಹರೀತೀನಿ. ಗಂಡ ಅಂತ ಬಿಡಲ್ಲ, ಚಿಲ್ಲರೆ ಇಟ್ಕೊಂಡಿರಿ.

ಟಾಟಾ ಬದಲು ಅವಳು ಅಮ್ಮಾ ಅಂತ ಕೂಗ್ಲಿ. ಬಾಯಿ ಮುಚ್ಚಿಸಬೇಡಿ. ನನ್ನ ಕ್ಲಾಸಲ್ಲೇ ಕೂರಿಸ್ಕೊಂಡು ಎರಡು ವರ್ಷ ಮಗು ಹತ್ರ ಮಿಸ್ ಅಂತಾನೇ ಕರೆಸ್ಕೊಂಡೆ. ಇವತ್ತು ಇಡೀ ಬಸ್ಸಿಗೆ ಕೇಳಿಸ್ಲಿ.

ಬೃಂದಾ