ತುಟಿಯಲ್ಲಿ ಚೂಪಾದ ಕುಂಚ

ಅಮ್ಮಾ,

ನೀನು ಹೋದ ಮೇಲೆ ಮೂಲೆಯಲ್ಲೇ ಇದ್ದ ನಿನ್ನ ಬಣ್ಣದ ಪೆಟ್ಟಿಗೆಯನ್ನು ಇವತ್ತು ನಾಟಕ ಕಂಪನಿಗೆ ಕೊಡಲು ಹೋಗಿದ್ದೆ. ಬಾಗಿಲಲ್ಲಿಟ್ಟು, ಯಾರ ಜೊತೆಗೂ ಮಾತಾಡದೆ ಬಂದುಬಿಡೋಣ ಎಂದುಕೊಂಡಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಒಳಗೆ ನಿನ್ನ ಶಿಷ್ಯೆ ನಾಯಕಿಯ ಕಣ್ಣಿಗೆ ಕಪ್ಪು ತೀಡುತ್ತಿದ್ದಳು. ಗೆರೆ ದಪ್ಪವಾಯಿತೆಂದು ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಎಳೆದು ಚೂಪು ಮಾಡಿದಳು, ಥೇಟ್ ನಿನ್ನ ಹಾಗೆ. "ಎಷ್ಟು ರಾಣಿಯರ ಬಣ್ಣ ತಿಂದಿದ್ದೀನೋ, ನನಗೊಂದು ಕಿರೀಟ ಬರಲಿಲ್ಲ" ಎಂದು ನೀನು ನಗುತ್ತಿದ್ದೆ.

ನಿನ್ನ ಸೊಂಟದ ಮೂಳೆ ಮುರಿದಾಗ ಡಾಕ್ಟರು ಹೇಳಿದ್ದರು: ಇಂಥ ಅಗ್ಗದ ಬಣ್ಣಗಳಲ್ಲಿ ಸೀಸ ಇರಬಹುದು, ಹೊಟ್ಟೆಗೆ ಹೋದರೆ ಅದು ಮೂಳೆಯಲ್ಲಿ ಕೂತುಬಿಡುತ್ತದೆ, ಆದರೆ ಅದೇ ಕಾರಣ ಎಂದು ಹೇಳಲಾರೆ. ನೀನು ಗೋಡೆಯ ಕಡೆ ತಿರುಗಿ, "ಆ ಹುಡುಗಿಗೂ ನಾನೇ ಕಲಿಸಿದ್ದು" ಎಂದೆ. ಆಮೇಲೆ ನಾವಿಬ್ಬರೂ ಆ ಮಾತೆತ್ತಲಿಲ್ಲ.

"ಅಕ್ಕಾ, ಅದನ್ನ ಬಾಯಿಗಿಡಬೇಡಿ" ಎಂದು ಇವತ್ತು ನಾನು ಅವಳಿಗೆ ಹೇಳಿದೆ. ದನಿ ಎಷ್ಟು ಜೋರಾಗಿತ್ತೆಂದರೆ ನಾಯಕಿಯೂ ಕಣ್ಣು ಬಿಟ್ಟಳು.

"ಅಯ್ಯೋ, ನಿಮ್ಮಮ್ಮಾನೇ ಹೇಳಿಕೊಟ್ಟಿದ್ದು ಕಣೇ."

"ಬೇಡ ಅಂತ ಹೇಳೋಕೂ ಅಮ್ಮಾನೇ ಕಳಿಸಿದ್ದು."

ನೀನು ಕಳಿಸಿರಲಿಲ್ಲ.

ಅವಳು ನನ್ನ ಕೈಯಲ್ಲಿದ್ದ ನಿನ್ನ ಪೆಟ್ಟಿಗೆಯನ್ನೇ ನೋಡಿದಳು. ಆಮೇಲೆ ಕುಂಚವನ್ನು ಲೋಟದ ನೀರಿನಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಗೆರೆ ಎಳೆದಳು. ಸೊಟ್ಟಗೆ ಬಂತು. ಸಮಯವಾಗಿತ್ತು, ನಾಯಕಿ ಹಾಗೆಯೇ ರಂಗಕ್ಕೆ ಹೋದಳು.

ನೀನಿದ್ದಿದ್ದರೆ ಅಳಿಸಿ ಮತ್ತೆ ಬರೆಯುತ್ತಿದ್ದೆ. ನಾನು ಆ ಸೊಟ್ಟ ಗೆರೆಯನ್ನು ಕೊನೆಯ ಅಂಕದವರೆಗೂ ಕೂತು ನೋಡಿದೆ.